‘ನಾ ಅಕ್ರಮ ಅಲ್ರಿ, ಕೊರ್ಲಹಳ್ಳಿಯಂವ’

ಪೈಪಿಗಾಗಿ ಅಗೆದ ರಸ್ತೆಯನ್ನು ಮುಚ್ಚಿ, ಮುಚ್ಚಿದ್ದನ್ನು ಒಳಚರಂಡಿಗಾಗಿ ಅಗೆದು, ಅದರ ಮಣ್ಣು ಆರುವ ಮೊದಲೇ ಗಟಾರದ ಟೆಂಡರ್ ಆದ ಕಥೆಯನ್ನು ಗದಗ-ಬೆಟಗೇರಿಯ ಓದುಗರಿಗೆ ನಾನು ಹೊಸದಾಗಿ ಹೇಳಬೇಕಿಲ್ಲ. ನಮ್ಮ ಓಣಿಯಲ್ಲಿ ಸದ್ಯ ಗಟಾರದ ಪಾಳಿ. ಜಾತ್ರೆಗೆಂದು ಊರಿಗೆ ಹೋದ ಗೌಂಡಿಗಳು ತಿರುಗಿ ಬಂದಿಲ್ಲ. ಅವರು ಬಿಟ್ಟುಹೋದದ್ದು ಎರಡು ಬ್ರಾಸ್ ಉಸುಕಿನ ಒಂದು ಗುಂಪಿ. ಅದರ ನೆತ್ತಿಯ ಮೇಲೆ ಓಣಿಯ ಹುಡುಗರ ಗಾದಿ, ಬುಡದಲ್ಲಿ ಸ್ಕೂಟರ್ ಜಾರಿ ಬಿದ್ದವರ ಚಪ್ಪಲಿ. ಸಂಬಂಧಪಟ್ಟವರು ಯಾರೂ ಫೋನ್ ಎತ್ತಲಿಲ್ಲ. ಸ್ಥಳದಲ್ಲಿ ಹಾಜರಿದ್ದ ಸಂಬಂಧಪಟ್ಟವರು ಈ ಗುಂಪಿ ಒಂದೇ ಆದ್ದರಿಂದ ಅವರನ್ನೇ ಮಾತಿಗೆ ಎಳೆದೆ. ಅವರು ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿಯವರು, ತುಂಗಭದ್ರೆಯ ದಂಡೆಯ ಮನೆತನ.

ನಾನು: ಶರಣ್ರಿ ಉಸುಕಪ್ಪಾರ. ಬಂದು ಬಹಳ ದಿನಾತೇನ್ರಿ?

ಉಸುಕು: ಶರಣು ಶರಣು, ಕುಂದರ್ರಿ. ಬ್ಯಾರೆ ಕಡೆ ಜಾಗಾ ಇಲ್ಲ, ನನ್ನ ಮ್ಯಾಲ ಕುಂದರ್ರಿ. ಮೊದಲ ಒಂದ್ ಮಾತ್ ಬರಕೋರಿ. ನಾ ಎಂ-ಸ್ಯಾಂಡ್ ಅಲ್ಲ.

ನಾನು: ಅದನ್ನ ನಾ ಕೇಳಲೇ ಇಲ್ಲಲ್ರಿ.

ಉಸುಕು: ಕೇಳ್ತೀರಿ. ಎಲ್ಲಾರೂ ಕೇಳ್ತಾರ. ನಿನ್ನೆ ಆ ಮೂಲಿ ಮನಿ ಅಜ್ಜಿ ಬಂದು ಒಂದ್ ಹಿಡಿ ತಗೊಂಡು, ಅಂಗೈಯೊಳಗ ತಿಕ್ಕಿ, ಮೂಸಿ ನೋಡಿ, ‘ಇದು ಹೊಳಿ ಉಸುಕೋ, ಕಲ್ಲಿನ ಹಿಟ್ಟೋ’ ಅಂದ್ಲು. ಮೈ ಉರದ್ ಹೋತು ನೋಡ್ರಿ. ತುಂಗಾ, ಭದ್ರಾ ಇಬ್ಬರೂ ಗಂಗಾಮೂಲದಾಗ ಹುಟ್ಟಿ, ಕೂಡಲಿಯೊಳಗ ಕೂಡಿ, ಹೊನ್ನಾಳಿ, ಹರಿಹರ ದಾಟಿ, ಗಳಗನಾಥದಾಗ ವರದಾ ಹೊಳೀನ ಕರಕೊಂಡು ನಮ್ಮ ಕಡೆ ಬರ್ತಾರ. ಅಷ್ಟು ದೂರ ಉರುಳಿ ಉರುಳಿ, ಬಂಡಿ ಹರಳಾಗಿ, ಹರಳು ನಾನಾಗೇನಿ. ಎಷ್ಟ್ ಸಾವಿರ ವರ್ಷದ ಕೆಲಸ ಅದು! ಅಂವ ಎಂ-ಸ್ಯಾಂಡ್ ಮುಂಜಾನೆ ಕ್ವಾರಿಯೊಳಗ ಬಂಡಿ ಇರ್ತಾನ, ಸಂಜಿಗೆ ಚೀಟಿ ಹಚ್ಕೊಂಡು ‘ಸ್ಯಾಂಡ್’ ಆಗಿ ಬರ್ತಾನ. ಆತು, ಬರಲಿ. 2016ರಾಗ ಐಎಸ್ 383 ಅನ್ನೋ ಮಾನಕ ತಿದ್ದಿ ಅಂವಗೂ ನಮ್ಮ ಪಂಕ್ತಿಯೊಳಗ ಎಲಿ ಹಾಕಿದ್ರು. ಅದಕ್ಕೂ ನಾ ಸುಮ್ಮನ ಕುಂತೆ.

ನಾನು: ಸುಮ್ಮನ ಕುಂತಂಗ ಕಾಣಂಗಿಲ್ಲ. ಇರಲಿ, ನಿಮ್ಮ ಮ್ಯಾಲ ಬೈಕ್‌ನವರು ಜಾರಿ ಬೀಳಾಕತ್ತಾರ, ಅದರ ಬಗ್ಗೆ...

ಉಸುಕು: ಅಂವನ ಹರಳು ಮೂಲಿ ಮೂಲಿ, ಚೂಪ. ಗೌಂಡಿ ಕರಣಿ ಎಳದ್ರ ಕರ್ ಕರ್ ಅಂತಾನ. ಸರಿಯಾಗಿ ತೊಳೀಲಿಲ್ಲಂದ್ರ ಬರೇ ಧೂಳ. ಕಲಸೂವಾಗ ನೀರೂ ನನಗಿಂತ ಹೆಚ್ಚ ಕುಡೀತಾನ.

ನಾನು: ನೀರು ಅಂದ್ರಿ ನೋಡ್ರಿ! ನಾ ಅದನ್ನ ಕೇಳಬೇಕಂತ ಬಂದಾಂವ. ನೀವು ಹೊಳಿಯವರು. ಅದ ಹೊಳಿ ನೀರು ನಮ್ಮ ಊರಿಗೂ ಬರಬೇಕು. ಹಾದಿಯೊಳಗ ಪೈಪ್ ಭೆಟ್ಟಿ ಆಗಿತ್ತೇನು? ನಳ ಯಾವಾಗ ಬರ್ತಾವಂತ?

ಉಸುಕು: ಪೈಪ್ ಭೆಟ್ಟಿ ಆಗಿತ್ತು. ನಾ ರಾತ್ರಿ ಟಿಪ್ಪರ್‌ನ್ಯಾಗ ತಾಡಪತ್ರಿ ಹೊದ್ಕೊಂಡು ಬಂದೆ. ಮುಂಡರಗಿ, ಡಂಬಳ, ಪಾಪನಾಶಿ, ಎರಡು ತಾಸಿನ್ಯಾಗ ನಿಮ್ಮ ಓಣಿ. ಹಾದಿಗುಂಟ ಪೈಪು ನನ್ನ ಜೋಡಿನ ಬರಾಕತ್ತಿತ್ತು. ನನಗ ಎರಡು ತಾಸು ಸಾಕಾತು, ನೀರಿಗೆ ಹದಿನೈದು ದಿನ, ಇಪ್ಪತ್ತು ದಿನ ಯಾಕ ಬೇಕಂತ ನನಗೂ ತಿಳೀಲಿಲ್ಲ.

ನಾನು: ನನಗೂ ತಿಳಿದಿಲ್ಲ. 24×7 ಅಂತ ಯೋಜನೆ ಬಂತು, ರಸ್ತೆ ಅಗದ್ರು, ಮೀಟರ್ ಕುಂದ್ರಿಸಿದ್ರು. ಹಮ್ಮಿಗಿಯೊಳಗ ಬ್ಯಾರೇಜ್ ಐತಿ, ಸಿಂಗಟಾಲೂರು ಏತ ನೀರಾವರಿದು, 3.12 ಟಿಎಂಸಿ ಹಿಡಿಯೋವಂಥಾದ್ದು. ಬಿದರಹಳ್ಳಿ, ವಿಠಲಾಪುರ, ಗುಮ್ಮಗೋಳದ ಜನರ ಪುನರ್ವಸತಿ ವರ್ಷಗಟ್ಟಲೆ ಎಳೀತು, ಹಂಗಾಗಿ ಅದನ್ನ ಪೂರ್ತಿ ತುಂಬಿಸಲಿಕ್ಕ ಆಗಲಿಲ್ಲ. ಹೊಲ-ಮನಿ ಮುಳುಗೋ ಊರಿನವರಿಗೆ ಊರಿಲ್ಲ, ನೀರು ಕುಡಿಯೋ ಊರಿನವರಿಗೆ ನೀರಿಲ್ಲ. ಬ್ಯಾರಲ್, ಕೊಡ, ಸಿಂಟೆಕ್ಸ್, ಕಡೀಗೆ ದೇವರ ತಂಬಿಗಿಯೊಳಗೂ ನಾವು...

ಉಸುಕು: ಸಂದರ್ಶನ ನಂದೋ, ನಿಮ್ಮದೋ?

(ತಪ್ಪಾಯಿತು. ಆದರೆ ನಳದ ಬಗ್ಗೆ ಬರೆಯದ ಅಂಕಣಕಾರ ಗದಗಿನಲ್ಲಿ ಇದ್ದಾನೆ ಎಂದು ನನಗೆ ಅನ್ನಿಸುವುದಿಲ್ಲ.)

ನಾನು: ಸರಿ, ಗಟಾರದ ಮಾತಿಗೆ ಬರೋಣು. ಹೋದ ವರ್ಷ ಹಿಂದಿನ ಓಣಿಯೊಳಗ ಕಟ್ಟಿದ್ದು ಈಗಾಗಲೇ ಉದುರಾಕತ್ತೈತಿ. ಉಸುಕು ಸರಿ ಇರಲಿಲ್ಲ ಅಂತಾರ.

ಉಸುಕು: ಇದು ನೋಡ್ರಿ! ಮನಿ ಸೋರಿದ್ರ ಉಸುಕು, ಗಟಾರ ಒಡದ್ರ ಉಸುಕು. ಕಾಂಕ್ರೀಟ್ ಹಾಕಿದ ಮ್ಯಾಲ ಕಮ್ಮಿ ಅಂದ್ರ ಏಳು ದಿನ ಅದನ್ನ ಹಸಿ ಇಡಬೇಕು. ಗೋಣಿ ತಾಟು ಹೊಚ್ಚಿ, ಮುಂಜಾನೆ ಸಂಜಿಗೆ ನೀರು ಹೊಡೀಬೇಕು. ಸಿಮೆಂಟಿಗೆ ಗಟ್ಟಿ ಆಗಾಕ ನೀರು ಬೇಕು, ಬಿಸಲು ಅಲ್ಲ. ಹದಿನೈದು ದಿನಕ್ಕೊಮ್ಮೆ ನಳ ಬರೋ ಓಣಿಯೊಳಗ ಗಟಾರಕ್ಕ ಏಳು ದಿನ ನೀರು ಯಾರ್ ಹೊಡೀತಾರ? ನೀವ್ ಹೊಡೀತಿದ್ರೇನು?

ನಾನು: ನಾನು ಪಲ್ಯ ತೊಳದ ನೀರನ್ನ ಗಿಡಕ್ಕ ಹಾಕಾಂವ.

ಉಸುಕು: ಅಂದಮ್ಯಾಲ ಗಟಾರ ಉದುರೂದು ನನ್ನ ತಪ್ಪೋ, ನಳದ ತಪ್ಪೋ? ಇನ್ನೊಂದ್ ಹೇಳ್ತೇನಿ. ಬರೋ ಮುಂದ ಡಂಬಳದ ದೊಡ್ಡಬಸಪ್ಪನ ಗುಡಿ ಪಕ್ಕಕ್ಕ ಹಾದ್ವಿ. ಚಾಲುಕ್ಯರ ಕಾಲದ್ದು, ನಕ್ಷತ್ರದಂಗ ಇಪ್ಪತ್ನಾಲ್ಕು ಮೂಲಿ. ಸಿಮೆಂಟ್ ಇಲ್ಲ, ಗಿಲಾವ್ ಇಲ್ಲ, ಕಲ್ಲಿನ ಮ್ಯಾಲ ಕಲ್ಲು ಕುಂದ್ರಿಸಿ ಕಟ್ಟ್ಯಾರ. ನನ್ನ ಕರೀಲೇ ಇಲ್ಲ. ಸಿಟ್ಟ್ ಬರಬೇಕು ನನಗ, ಬರಂಗಿಲ್ಲ. ಯಾಕಂದ್ರ ಆ ಗೌಂಡಿಗಳಿಗೆ ಕೆಲಸ ಗೊತ್ತಿತ್ತು, ಬಿಲ್ ಗೊತ್ತಿರಲಿಲ್ಲ.

ನಾನು: ನಿಮ್ಮ ಮ್ಯಾಲ ಇನ್ನೊಂದು ದೊಡ್ಡ ದೂರು ಐತಿ. ನೀವು ಅಕ್ರಮ ಅಂತ.

ಉಸುಕು: (ಜರ್ರನೆ ಒಂದು ಬದಿ ಜಾರಿ) ಆ ಶಬ್ದ ಒಂದು ಬಿಟ್ಟು ಬರೀರಿ. ಪೇಪರ್‌ನ್ಯಾಗ ನನ್ನ ಹೆಸರು ಎಂದರ ಒಬ್ಬಂಟಿ ಬಂದೈತೇನು? ‘ಅಕ್ರಮ ಮರಳು’, ‘ಅಕ್ರಮ ಮರಳು’, ಮನಿತನದ ಅಡ್ಡಹೆಸರ ಆಗೇತಿ. ನಾ ಹೊಳಿಯೊಳಗ ಮಲಗಿದ್ದೆ. ನಾ ಎದ್ದು ನಡಕೋತ ಬಂದ್ನೇನು? ಸುಪ್ರೀಂ ಕೋರ್ಟ್ 2012ರಾಗ ಹೇಳ್ತು, ಸಣ್ಣ ಖನಿಜ ತಗ್ಯಾಕೂ ಪರಿಸರದ ಅನುಮತಿ ಬೇಕಂತ. 2016ರಾಗ ಕೇಂದ್ರದವರು ಮಾರ್ಗಸೂಚಿ ಮಾಡಿದ್ರು, ಮೂರು ಮೀಟರ್‌ಗಿಂತ ಆಳಕ್ಕ ಹೋಗಬ್ಯಾಡ್ರಿ, ಮಳಿಗಾಲದಾಗ ಮುಟ್ಟಬ್ಯಾಡ್ರಿ, ಸೇತುವಿ ಹತ್ರ ಸುಳೀಬ್ಯಾಡ್ರಿ ಅಂತ. ಬೆಂಗಳೂರಿನವರು 2020ರಾಗ ಮತ್ತೊಂದು ಮರಳು ನೀತಿ ಬರದ್ರು, ಹಳ್ಳದ ಉಸುಕಿಗೆ ಪಂಚಾಯ್ತಿ, ಹೊಳಿ ಉಸುಕಿಗೆ ಸರ್ಕಾರದ ಕಂಪನಿ ಅಂತ ಪಾಲು ಮಾಡಿ. ಟಿಪ್ಪರ್‌ಗೆ ಜಿಪಿಎಸ್ ಇರಬೇಕು, ಕೈಯಾಗ ಪಾಸ್ ಇರಬೇಕು, ಕತ್ತಲಾದ ಮ್ಯಾಲ ಹೊಳಿಗೆ ಇಳೀಬಾರದು. ಎಲ್ಲಾ ಬರದೈತಿ. ಓದಾಕ ಬರಲಾರದಂವ ನಾನೊಬ್ಬನ.

ನಾನು: ನೀವು ಪಾಸ್ ಮ್ಯಾಲ ಬಂದೀರೇನು?

ಉಸುಕು: ಅದನ್ನ ನನಗ ಕೇಳಬ್ಯಾಡ್ರಿ, ಈ ಗಟಾರದ ಬಿಲ್‌ಗೆ ಕೇಳ್ರಿ. ಪಾಸ್ ತೋರಿಸಲಿಲ್ಲಂದ್ರ ಗುತ್ತಿಗೆದಾರನ ಬಿಲ್‌ನ್ಯಾಗ ರಾಯಲ್ಟಿ ಹಿಡಕೋತಾರ, ರೊಕ್ಕ ಖಜಾನಿಗೆ ಹೋಗ್ತೈತಿ. ಯಾವ ಹೊಳಿ, ಯಾವ ಗುಂಡಿ, ಯಾವ ರಾತ್ರಿ ಅಂತ ಯಾರೂ ಕೇಳಂಗಿಲ್ಲ. ಹೊಳಿಯೊಳಗ ಅಕ್ರಮ ಇದ್ದಾಂವ ಬಿಲ್‌ನ್ಯಾಗ ಸಕ್ರಮ ಆಗ್ತೇನಿ. ನನ್ನ ಹಿಡಿಯೋ ಕಾಯ್ದೆನೂ ಸರ್ಕಾರದ್ದು, ನನ್ನ ಕೊಳ್ಳೋ ಗಟಾರನೂ ಸರ್ಕಾರದ್ದು.

ನಾನು: ಹಂಗಾದ್ರ ಎಂ-ಸ್ಯಾಂಡ್ ಹಚ್ಚಿದ್ರ ಒಳ್ಳೇದಲ್ಲೇನ್ರಿ? ಹೊಳಿ ಉಳೀತೈತಿ.

(ಇಲ್ಲಿ ಗುಂಪಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ತೊಳೆದು ಜರಡಿ ಹಿಡಿದ ಎಂ-ಸ್ಯಾಂಡ್ ಗಟಾರಕ್ಕೆ ಯಾವ ರೀತಿಯಲ್ಲೂ ಕಡಿಮೆ ಅಲ್ಲ ಎಂಬುದು ನನ್ನ ಅಭಿಪ್ರಾಯ. ಗುಂಪಿಯ ಮುಂದೆ ಅದನ್ನು ಎರಡನೇ ಸಲ ಹೇಳುವ ಧೈರ್ಯ ಆಗಲಿಲ್ಲ.)

ಉಸುಕು: ಆತು, ಅಂವನ್ನ ತರಸ್ರಿ. ಖರೇ ಹೇಳ್ತೇನಿ, ನನಗೇನು ನಿಮ್ಮ ಗಟಾರದಾಗ ಕುಂದ್ರೂ ಆಸೆ ಇತ್ತೇನು? ಜಗತ್ತಿನ್ಯಾಗ ವರ್ಷಕ್ಕ 5,000 ಕೋಟಿ ಟನ್ ಉಸುಕು, ಗರಸು ತಗೀತಾರಂತ, ವಿಶ್ವಸಂಸ್ಥೆಯ ಪರಿಸರದವರು ಲೆಕ್ಕ ಹಾಕ್ಯಾರ. ಮರುಭೂಮಿ ಉಸುಕು ಗಾಳಿಗೆ ನುಣ್ಣಗಾಗಿರ್ತೈತಿ, ಸಿಮೆಂಟ್ ಹಿಡಿಯಂಗಿಲ್ಲ, ಅದಕ್ಕ ಅಂವ ಪಾರಾದ. ಹೊಳಿಯಂವ ನಾ ಸಿಕ್ಕೊಂಡೆ. ಬ್ಯಾಸಿಗಿಯೊಳಗ ಕೊರ್ಲಹಳ್ಳಿಗೆ ಬಂದು ನೋಡೀರೇನು ಎಂದರ? ಹೊಳಿ ಬತ್ತಿದಂಗ ಕಾಣ್ತೈತಿ. ಹೆಣ್ಮಕ್ಕಳು ಬಂದು ಉಸುಕಿನ್ಯಾಗ ಕೈಲೆ ಕೆದರಿ ವರತಿ ತೋಡ್ತಾರ. ಮೊಣಕೈ ಮಟ ಹೋದ್ರ ಸಾಕು, ಬುಡಕ್ಕ ನೀರು ಒಸರ್ತೈತಿ. ಮೊದಲ ಒಂದೆರಡು ಚಿಪ್ಪು ರಾಡಿ ಚೆಲ್ಲಿದ ಮ್ಯಾಲ ಕನ್ನಡಿಯಂಥಾ ನೀರು. ಅರಬಿ ಹಾಕಿ ಸೋಸೂದೂ ಬ್ಯಾಡ, ಸೋಸಾಂವ ನಾನ ಅಲ್ಲೇನು? ನನ್ನ ಹರಳಿನ ಸಂದಿಯೊಳಗ ಹೊಳಿ ನೀರು ಮಲಗಿರ್ತಿತ್ತು. ನೂರು ಕೊಡದಷ್ಟು ಉಸುಕಿನ್ಯಾಗ ಮೂವತ್ತು ಕೊಡದ ಮ್ಯಾಲ ನೀರು ಹಿಡೀತಿದ್ದೆ ನಾನು. ಮುಚ್ಚಳ ಇಲ್ಲದ ಟಾಕಿ, ಕರೆಂಟ್ ಬಿಲ್ ಇಲ್ಲ, ಸೋರಿಕಿ ಇಲ್ಲ. ಆ ಟಾಕಿ ಅಗದು ಒಯ್ದು, ನಿಮ್ಮ ಊರಾಗ ಕಾಂಕ್ರೀಟಿನ ಟಾಕಿ ಕಟ್ಟಿದ್ರಿ. ಈಗ ಅದರ ಬುಡಕ ನಿಂತು ನೀರ್ ಯಾಕ ಬರಲಿಲ್ಲ ಅಂತ ನನಗ ಕೇಳ್ತೀರಿ.

ನಾನು: ಅದನ್ನ ಮೊದಲ ಯಾಕ ಹೇಳಲಿಲ್ರಿ?

ಉಸುಕು: ನೀವು ನಳ ನಳ ಅಂತ ಬಡಕೊಳ್ಳಾಕತ್ತಿದ್ರಿ. ಇನ್ನೊಂದು ಬರಕೋರಿ. ಇದನ್ನ ನಗಲಾರದ ಬರಕೋರಿ. ಲಕ್ಷ್ಮೇಶ್ವರ ನೆನಪೈತಿಲ್ಲ?

ಇದೆ. ಜಿಲ್ಲೆಯ ಯಾರೂ ಮರೆತಿಲ್ಲ. 2017ರ ಫೆಬ್ರವರಿ. ಮರಳು ಲಾರಿಯ ಚಾಲಕನೊಬ್ಬ, ಇನ್ನೂ ಮೂವತ್ತು ದಾಟದ ಹುಡುಗ, ಪೊಲೀಸರ ವಶದಲ್ಲಿದ್ದಾಗ ಸತ್ತ ಎಂದು ಊರು ಸಿಡಿದೆದ್ದಿತು. ಠಾಣೆಗೆ ಬೆಂಕಿ ಬಿತ್ತು. ಸುಟ್ಟ ಠಾಣೆಯ ಫೋಟೊ ಎಲ್ಲ ಪತ್ರಿಕೆಗಳಲ್ಲೂ ಬಂತು. ಬೆಂಕಿ ಹಚ್ಚಿದ್ದು ಸರಿ ಎಂದು ನಾನು ಹೇಳುವುದಿಲ್ಲ. ಆದರೆ ಹೊಳೆಯಿಂದ ನಮ್ಮ ಗೋಡೆಯವರೆಗಿನ ಈ ಸರಪಳಿಯಲ್ಲಿ ಎಷ್ಟು ಜನ ಇದ್ದಾರೆ ನೋಡಿ: ಜೆಸಿಬಿ ಇಳಿಸಿದವನು, ಟಿಪ್ಪರಿನ ಮಾಲೀಕ, ದಾರಿಯಲ್ಲಿ ಕಣ್ಣು ಮುಚ್ಚಿದವರು, ಬಿಲ್ ಬರೆದವರು, ಪಾಸ್ ಮಾಡಿದವರು, ಅಗ್ಗಕ್ಕೆ ಸಿಕ್ಕಿತೆಂದು ಕೊಂಡ ನಾವು. ಇವರಲ್ಲಿ ಕಾನೂನಿನ ಕೈಗೆ ಸಿಗುವವನು ಯಾವಾಗಲೂ ಸ್ಟೇರಿಂಗ್ ಹಿಡಿದವನು. ದಿನಗೂಲಿಯವನು. ಅವನ ಹಿಂದೆ ಇರುವ ಮನೆಯಲ್ಲಿ ಮಾಲೀಕನ ಹೆಸರು ಗೊತ್ತಿದ್ದರೂ ಹೇಳುವವರಿಲ್ಲ. ಹೊಳೆಯ ಗುಂಡಿಯ ಆಳ ತಿಳಿಯದೆ ಈಜಲು ಇಳಿದ ಹುಡುಗ ಮುಳುಗಿದರೆ ಅದು ‘ಆಕಸ್ಮಿಕ’. ಗುಂಡಿ ತೋಡಿದವನ ಮೇಲೆ ದಂಡ. ಅವನು ದಂಡವನ್ನು ಟಿಪ್ಪರಿನ ಖರ್ಚಿಗೆ ಸೇರಿಸಿ, ನಾವು ಕೊಡುವ ಬ್ರಾಸಿನ ದರದಲ್ಲಿ ವಸೂಲಿ ಮಾಡಿಕೊಳ್ಳುತ್ತಾನೆ. ಆ ದಂಡವನ್ನು ಕೊನೆಗೆ ಕಟ್ಟುತ್ತಿರುವವರು ನಾವೇ.

ಗುಂಪಿ ಇದನ್ನೆಲ್ಲ ಕೇಳಿಸಿಕೊಂಡಿತು.

ಉಸುಕು: ಬರಕೊಂಡ್ರೇನು?

ನಾನು: ಬರಕೊಂಡೆ. ಕಡೀದೊಂದು. ಈಗ ನಿಮ್ಮನ್ನ ಒಯ್ದು ಹೊಳಿಗೆ ಹಾಕಿದ್ರ ಹೋಗ್ತೀರೇನು?

ಉಸುಕು: ಎರಡು ಬ್ರಾಸ್ ಉಸುಕಿಗೆ ಹೊಳಿ ತುಂಬಂಗಿಲ್ಲ, ಸುಳ್ಳ ಡೀಸೆಲ್ ಖರ್ಚು. ನನ್ನದ ಮುಗೀತು. ಉಳದವರನ್ನರ ಅಲ್ಲೇ ಇರಾಕ ಬಿಡ್ರಿ. ಹಾಂ, ಆ ಎಂ-ಸ್ಯಾಂಡ್ ಬಂದ್ರ ಈ ಕಡೆ ಒಗೀಬ್ಯಾಡ್ರಿ, ಆ ಕಡೆ ಒಗಸ್ರಿ. ನನ್ನ ಮಗ್ಗಲಕ್ಕ ಬ್ಯಾಡ.

ನಾನು: ಮತ್ತ ಬೈಕ್‌ನವರು ಜಾರೂದು?

ಉಸುಕು: ಹೋಗ್ಬರ್ರಿ, ಬಿಸಲಾತು.

ಜಾರುವ ಪ್ರಶ್ನೆಗೆ ಉತ್ತರ ಕೊನೆಗೂ ಸಿಗಲಿಲ್ಲ. ಆದ್ದರಿಂದ ಈ ಓಣಿಯಲ್ಲಿ ಹಾಯುವವರು ಮುಂದಿನ ಚಕ್ರದ ಬ್ರೇಕ್ ಹಿಡಿಯಬೇಡಿ. ನಿಮ್ಮ ನಿಮ್ಮ ಓಣಿಯಲ್ಲಿ ಗಟಾರ, ಟಾಕಿ, ಸಿಸಿ ರಸ್ತೆ ಏನೇ ನಡೆದಿದ್ದರೂ ಒಂದು ಅರ್ಜಿ ಹಾಕಿ: ಈ ಕೆಲಸಕ್ಕೆ ಬಂದ ಉಸುಕು ಎಲ್ಲಿಯದು, ಪಾಸಿನ ಪ್ರತಿ ಕೊಡಿ, ಬಿಲ್ಲಿನಲ್ಲಿ ಎಷ್ಟು ರಾಯಲ್ಟಿ ಮುರಿದುಕೊಂಡಿದ್ದೀರಿ ತಿಳಿಸಿ ಎಂದು. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ ಹತ್ತು ರೂಪಾಯಿ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ನಮ್ಮ ಕಡೆಯ ಲೆಕ್ಕದಲ್ಲಿ, ಎರಡು ಸಲ ನಳ ಬರುವಷ್ಟರಲ್ಲಿ.