ನಾಲ್ಕು ಟ್ರಂಕುಗಳ ಉತಾರ ಮೀಮಾಂಸೆ

ಸೂತ್ರ: "ಒಂದ ಟ್ರಂಕಿನ್ಯಾಗ ಎಲ್ಲಾ ತುಂಬಬ್ಯಾಡ್ರವಾ."

ಭಾಷ್ಯ: ಸೂತ್ರಕರ್ತೃ ನಮ್ಮ ಆಯಿ. ಅಕ್ಷರ ಬಾರದವಳಾದ್ದರಿಂದ ಆಕೆಯ ಸಿದ್ಧಾಂತಕ್ಕೆ ಪಾಠಾಂತರಗಳಿಲ್ಲ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿಗೆ ಕೊಟ್ಟ ನಾಲ್ವರು ಹೆಣ್ಣುಮಕ್ಕಳ ಟ್ರಂಕಿನಲ್ಲಿ ಹೊಲದ ಉತಾರದ (ಪಹಣಿಯ) ಝೆರಾಕ್ಸನ್ನು ಒಂದೊಂದು ಇಡಿಸಿದ್ದಳು. ಉತಾರವೆಂದರೇ ಮೂಲದಿಂದ ಇಳಿಸಿಕೊಂಡ ನಕಲು. ಹಾಗಾಗಿ ಆಯಿ ಇಡಿಸಿದ್ದು ನಕಲಿನ ನಕಲು, ಪಂಡಿತರು ಗಮನಿಸಬೇಕು.

ಪೂರ್ವಪಕ್ಷ: ಜಾಗ ನೋಡಿ ಪ್ರತಿ ಇಡುವ ಈ ವಿದ್ಯೆ ಅಮೆರಿಕದ್ದೆಂದು ಬೆಂಗಳೂರಿನ ತಮ್ಮನ ವಾದ. ಫೇಸ್‌ಬುಕ್ 2008ರಲ್ಲಿ ಹೊರಬಿಟ್ಟ ಕಸಾಂಡ್ರಾ ಎಂಬ ಡೇಟಾಬೇಸಿಗೆ ಯಾವ ಯಂತ್ರ ಯಾವ ಡೇಟಾ ಸೆಂಟರಿನಲ್ಲಿ, ಯಾವ ರ‍್ಯಾಕಿನಲ್ಲಿದೆಯೆಂದು ತಿಳಿಸಿಟ್ಟರೆ, ಎರಡು ಪ್ರತಿ ಒಂದೇ ರ‍್ಯಾಕಿಗೆ ಬೀಳದಂತೆ ಆದಷ್ಟು ನೋಡಿಕೊಳ್ಳುತ್ತದಂತೆ. ಯಂತ್ರಗಳು ಸೆಕೆಂಡಿಗೊಮ್ಮೆ 'ಗಾಸಿಪ್' ಮಾಡಿ (ಶಾಸ್ತ್ರದಲ್ಲಿ ಅದಕ್ಕೆ ಇರುವ ಹೆಸರೇ ಅದು) ಯಾರು ಇದ್ದಾರೆ, ಯಾರು ಹೋದರು ಎಂದು ತಿಳಿದುಕೊಳ್ಳುತ್ತವೆ. ನಮ್ಮ ಚಿಗವ್ವಂದಿರು ಇದನ್ನು ಸಂತೆಗೊಮ್ಮೆ ಮಾಡುತ್ತಿದ್ದರು. ಹೋದವರಿಗಿಂತ ಇದ್ದವರ ಸುದ್ದಿಯೇ ಹೆಚ್ಚಿರುತ್ತಿತ್ತು.

ಸಿದ್ಧಾಂತ: ಆಯಿಗೆ ರ‍್ಯಾಕೆಂದರೆ ಹೊಳೆ. ಹಾನಗಲ್ಲ, ಸವಣೂರು ಎರಡೂ ತಾಲೂಕಿನಲ್ಲಿ ವರದೆ ಹರಿಯುತ್ತಾಳೆ; ಆಕೆ ಉಕ್ಕಿದರೆ ಎರಡು ಟ್ರಂಕೂ ತೊಯ್ದಾವು. ಅದಕ್ಕೇ ಕುಮುದ್ವತಿ ಸೀಮೆಯ ಹಿರೇಕೆರೂರು. ಹೆದ್ದಾರಿಯ ಮೇಲಿನ ಶಿಗ್ಗಾಂವಿ ಯಾಕೆಂದರೆ, ಕಾಗದ ಬೇಕೆಂದಾಗ ಬಸ್ಸಿಗೆ ಕಾಯುವಂತಿಲ್ಲ. ಅಳಿಯಂದಿರ ಗುಣ ಯಾರು ನೋಡಿದರು ಎಂಬ ಆಕ್ಷೇಪ ಶಾಸ್ತ್ರಕ್ಕೆ ಹೊರಗಿನದು.

ದೋಷ: ಮಾವಂದಿರ ವಾಟಣಿಯಾಯಿತು. ಹೊಸ ಉತಾರ ಹಾನಗಲ್ಲ, ಶಿಗ್ಗಾಂವಿ ಮುಟ್ಟಿತು; ಉಳಿದೆರಡು ಟ್ರಂಕಿನಲ್ಲಿ ಹಳೆಯದೇ ಉಳಿಯಿತು. ಬೆಳೆಸಾಲಕ್ಕೆ ಹೋದಾಗ ಬ್ಯಾಂಕಿನವರು ನಾಲ್ಕನ್ನೂ ಮೇಜಿನ ಮೇಲೆ ಹರವಿದರು. ಎರಡರಲ್ಲಿ 4 ಎಕರೆ 12 ಗುಂಟೆ, ಎರಡರಲ್ಲಿ 2 ಎಕರೆ 6 ಗುಂಟೆ. ಸವಣೂರಿನ ಪ್ರತಿಯಲ್ಲಿ ಗುಂಟೆಯ ಮೇಲೆ ಎಲೆ-ಅಡಿಕೆಯ ಕೆಂಪು ಬೇರೆ. ಹೆಚ್ಚು ಪ್ರತಿ ಹೇಳಿದ್ದೇ ಖರೆ ಎನ್ನೋಣವೆಂದರೆ ಎರಡಕ್ಕೆರಡು ಸಮ. ಮೂಲವನ್ನು ಕೇಳೋಣವೆಂದರೆ ಅದನ್ನು ಒರಲಿ ತಿಂದು ವರ್ಷವಾಗಿತ್ತು.

ಪರಿಹಾರ: 2000ದ ಆಚೀಚೆ 'ಭೂಮಿ' ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ಕೈಬರಹದ ಉತಾರವನ್ನು ನಡೆಯದಂತೆ ಮಾಡಿತು. ತಾಲೂಕಿನ ಕಂಪ್ಯೂಟರಿನಲ್ಲಿದ್ದ ದಾಖಲೆ ಆಮೇಲೆ ಬೆಂಗಳೂರು ಸೇರಿತು. ಅಲ್ಲಿಂದ ಹಾವೇರಿ 340 ಕಿಲೋಮೀಟರ್ ಅನ್ನಿ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ 2 ಲಕ್ಷ ಕಿಲೋಮೀಟರ್ ಓಡುವುದರಿಂದ ಹೊಲ ನಮ್ಮ ಕಡೆ ಬರಲು ಸೆಕೆಂಡಿನ ಸಾವಿರದಲ್ಲಿ ಎರಡು ಭಾಗದಷ್ಟು ಕಾಲವೂ ಹಿಡಿಯದು.

ನಾವು ಉತಾರ ತರಲು ಹೋದ ದಿನ ಬೆಳಿಗ್ಗೆಯಿಂದ ಸಂಜೆ ನಾಲ್ಕರತನಕ ಹಿಡಿಯಿತು. "ಸರ್ವರ್ ಡೌನ್ ಐತ್ರಿ ಅಜ್ಜಿ, ಕುಂದರ್ರಿ" ಎಂದ ಕೌಂಟರಿನ ಹುಡುಗ. ಆಯಿ ಕುಂತಳು, ಎಲೆ ಹಾಕಿದಳು, ಪಕ್ಕದವರ ಹೊಲದ ವ್ಯಾಜ್ಯವನ್ನೆಲ್ಲ ಕೇಳಿ ತಿಳಿದಳು. ಕೊನೆಗೆ ಕೈಗೆ ಬಂದ ಬೆಚ್ಚಗಿನ ಹಾಳೆಯನ್ನು ಸೆರಗಿನಡಿ ಹಿಡಿದು ಎದುರಿನ ಝೆರಾಕ್ಸ್ ಅಂಗಡಿಗೆ ನಡೆದಳು.

"ನಾಕ ಹೌದಲ್ರಿ?" ಅಂದ ಅಂಗಡಿಯವ, ಹಳೇ ಗಿರಾಕಿಯನ್ನು ನೋಡಿ.

"ಐದ ತಗಿಯಪಾ."