ಹಿತ್ತಲಿನ ನಿಶಾಚರರು

ನಮ್ಮ ಮಹಾಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಉದ್ಯಾನಕ್ಕೆ ಮನ್ನಣೆಯ ಸ್ಥಾನವುಂಟು. ಮಾವು ಚಿಗುರುವುದನ್ನೂ, ಕೋಗಿಲೆ ಉಲಿಯುವುದನ್ನೂ, ತುಂಬಿಗಳು ಮಲ್ಲಿಗೆಯಿಂದ ಮಲ್ಲಿಗೆಗೆ ಸುಳಿದಾಡುವುದನ್ನೂ ಹೇಳಿ ಹೇಳಿ ದಣಿಯದ ಆ ಕವಿವರೇಣ್ಯರು, ಅದೇ ಉದ್ಯಾನದ ಎಳೆಯ ಸಸಿಗಳನ್ನು ರಾತ್ರೋರಾತ್ರಿ ಸ್ವಾಹಾ ಮಾಡುವ ಬಸವನ ಹುಳುವಿನ ವಿಷಯದಲ್ಲಿ ಮಾತ್ರ, ನಾನು ಓದಿದಮಟ್ಟಿಗೆ, ಮೌನವನ್ನೇ ತಾಳಿರುವರು. ಇದಕ್ಕೆ ಕಾರಣವನ್ನು ಅಲಂಕಾರಶಾಸ್ತ್ರದಲ್ಲಿ ಅರಸಬೇಕಾಗಿಲ್ಲ. ಅವರೆಲ್ಲ ರಾಜೋದ್ಯಾನಗಳಲ್ಲಿ ವಿಹರಿಸಿದವರೇ ಹೊರತು ಸ್ವಹಸ್ತದಿಂದ ಬಸಳೆಯ ಚಪ್ಪರ ಹಾಕಿದವರಲ್ಲವೆಂದು ನನ್ನ ಊಹೆ.

ಬೆಂಗಳೂರಿನ ನಮ್ಮ ಮನೆಯ ಹಿತ್ತಲಿನಲ್ಲಿ ಒಂದು ಬಸಳೆಯ ಚಪ್ಪರ, ಎರಡು ಪಪ್ಪಾಯಿ ಮರ, ದಂಟಿನ ಸೊಪ್ಪಿನ ಪಾತಿ, ಚೆಂಡುಹೂವಿನ ಸಾಲು ಇಷ್ಟೇ ಇರುವುದು. ಹಸ್ತಾ ಚಿತ್ತಾ ಮಳೆಗಳು ಹಿಡಿದ ಮೇಲೆ, ಸಂಜೆ ನೀರೆರೆದು ಕಣ್ತುಂಬ ನೋಡಿ ಮಲಗಿದ ಪಾತಿಯಲ್ಲಿ ಬೆಳಗಾಗುವಷ್ಟರಲ್ಲಿ ಬರಿಯ ಮೋಟು ಕಡ್ಡಿಗಳೂ, ಅವುಗಳ ನಡುವೆ ಹೊಳೆಯುವ ಲೋಳೆಯ ಗೆರೆಗಳೂ ಉಳಿದಿರುತ್ತವೆ. ಕಳ್ಳನಾದವನು ತನ್ನ ಹೆಜ್ಜೆಯನ್ನು ಅಳಿಸಿ ಹೋಗುವುದು ಲೋಕರೂಢಿ. ಈತನಾದರೋ ತಾನು ಬಂದ ದಾರಿಯನ್ನೂ ಹೋದ ದಾರಿಯನ್ನೂ ಬೆಳ್ಳಿಯ ಮಸಿಯಲ್ಲಿ ಬರೆದು, ಅಲ್ಲೇ ಹೂಕುಂಡದ ಕೆಳಗೆ ಹಗಲೆಲ್ಲ ನಿಶ್ಚಿಂತೆಯಿಂದ ನಿದ್ರಿಸುತ್ತಾನೆ.

ಚಿಪ್ಪಿಲ್ಲದ ಸಿಂಬಳದ ಹುಳುಗಳ ಮೇಲೆ ನನಗೆ ಅಷ್ಟೇನೂ ದ್ವೇಷವಿಲ್ಲ. ಮನೆಮಠವಿಲ್ಲದ ಆ ಪ್ರಾಣಿ ತಿಂದು ಹೋಗುವುದೆಷ್ಟು! ನಿಜವಾದ ಪ್ರತಿಪಕ್ಷಿಯೆಂದರೆ ಅಂಗೈಯನ್ನೇ ತುಂಬುವಂತೆ ಬೆಳೆಯಬಲ್ಲ ಆಫ್ರಿಕದ ದೈತ್ಯ ಬಸವನ ಹುಳು. ಇದು ಈ ನೆಲದ ಸಂತಾನವಲ್ಲ. ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದು, ಬಿಡುವಿನಲ್ಲಿ ಚಿಪ್ಪುಗಳ ಅಧ್ಯಯನ ಮಾಡುತ್ತಿದ್ದ ವಿಲಿಯಂ ಬೆನ್ಸನ್ ಎಂಬ ಅಧಿಕಾರಿಯು ಇದನ್ನು ಮಾರಿಷಸ್‌ನಿಂದ ಜೀವಸಹಿತ ಕಲ್ಕತ್ತೆಗೆ ತಂದನು. 1847ರಲ್ಲಿ ಅದು ಚೌರಂಗಿಯ ಒಂದು ತೋಟವನ್ನು ಹೊಕ್ಕಿತು. ಕಂಪನಿಯ ಆಳಿಕೆ ಮುಂದೆ ಹನ್ನೊಂದೇ ವರ್ಷದಲ್ಲಿ ಮುಗಿಯಿತು, ಆಮೇಲೆ ಬಂದ ರಾಣಿಯ ಆಳಿಕೆಯೂ ಮುಗಿಯಿತು. ಕಂಪನಿಯ ಅಧಿಕಾರಿ ಕರೆತಂದ ಈ ಅತಿಥಿ ಮಾತ್ರ ಯಾವ ಒಪ್ಪಂದಕ್ಕೂ ಸಹಿ ಹಾಕದೆ, ಯಾವ ಆತುರವನ್ನೂ ತೋರದೆ ನನ್ನ ದಂಟಿನ ಪಾತಿಯವರೆಗೆ ನಡೆದು ಬಂದಿದೆ. ಅದರ ಸಂತಾನವೃದ್ಧಿಯ ಕ್ರಮವೂ ನಮ್ಮಂಥ ಗೃಹಸ್ಥರನ್ನು ಕಂಗೆಡಿಸುವಂಥದು. ಪ್ರತಿಯೊಂದು ಹುಳುವೂ ಅರ್ಧನಾರೀಶ್ವರ. ಬೆಳೆದ ಒಂದು ಹುಳು ಒಮ್ಮೆಗೇ ನೂರಕ್ಕೂ ಮಿಕ್ಕು ಮೊಟ್ಟೆಗಳನ್ನು ಮಣ್ಣಿನಲ್ಲಿ ಹುದುಗಿಸಿಡಬಲ್ಲದು. ಬೇಸಗೆ ಬಂದಿತೋ, ಚಿಪ್ಪಿನ ಬಾಯಿಗೆ ತೆಳುವಾದ ಮುಚ್ಚಳವನ್ನು ತಾನೇ ಬೆಸೆದುಕೊಂಡು ತಿಂಗಳುಗಟ್ಟಲೆ ಸಮಾಧಿಸ್ಥವಾಗುವುದು. ನಾವು ಸತ್ತಿತೆಂದು ಸಂತೋಷಪಡುವ ಕಾಲದಲ್ಲಿ ಅದು ಮಳೆನಕ್ಷತ್ರಗಳನ್ನು ಎಣಿಸುತ್ತಿರುತ್ತದೆ.

ಗೌರಿಹಬ್ಬಕ್ಕೆ ಮುಂಚೆ ಕಾಂಪೌಂಡು ಗೋಡೆಗೆ ಸುಣ್ಣ ಬಳಿಸುವುದು ನಮ್ಮ ಮನೆಯ ಪದ್ಧತಿ. ಹಬ್ಬದ ಬೆಳಗ್ಗೆ ಆ ಗೋಡೆಯ ಮೇಲೆ ಅಲ್ಲಲ್ಲಿ ನಕ್ಷೆ ಬರೆದಂತೆ ಸುಣ್ಣ ಕೆರೆದುಹೋಗಿರುವುದನ್ನು ಕಂಡು, ಬಳಿದವನ ಕೈಚಳಕವನ್ನು ಶಂಕಿಸಿ ಅವನ ಕೂಲಿಯಲ್ಲಿ ಹಿಡಿಯಲು ಹೊರಟವಳು ನನ್ನ ಹೆಂಡತಿ. ಚಿಪ್ಪನ್ನು ಬೆಳೆಸಿಕೊಳ್ಳಲು ಈ ಪ್ರಾಣಿಗೆ ಸುಣ್ಣದ ಅಂಶ ಬೇಕು. ಸಹಸ್ರಾರು ಸೂಕ್ಷ್ಮ ಹಲ್ಲುಗಳುಳ್ಳ ತನ್ನ ನಾಲಗೆಯಿಂದ ಅದು ಗೋಡೆಯನ್ನು ಅರದಂತೆ ಉಜ್ಜಿ ತಿನ್ನುತ್ತದೆ. ನಮಗೆ ಶೋಭೆ, ಅದಕ್ಕೆ ಊಟ. ಇದಕ್ಕಿಂತಲೂ ವಿಚಿತ್ರವಾದುದೆಂದರೆ, ಇದೇ ಹುಳುವನ್ನು ತಡೆಯಲು ಪಾತಿಯ ಸುತ್ತ ಸುಟ್ಟ ಸುಣ್ಣದ ಪುಡಿಯನ್ನು ಚೆಲ್ಲಬೇಕೆಂದು ಬಲ್ಲವರು ಹೇಳುವರು, ಮತ್ತು ಅದು ಸುಳ್ಳೂ ಅಲ್ಲ. ಪುಡಿಯಾಗಿ ಮೈಯನ್ನು ಸುಡುವ ವಸ್ತುವೇ ಗೋಡೆಯ ಮೇಲೆ ಗಾಳಿಯುಂಡು ಹಳತಾದರೆ ಮೃಷ್ಟಾನ್ನವಾಗುವುದು.

ಸಲಹೆಗಳಿಗೇನು ಬಡತನ? ಬೂದಿ ಹಾಕಿರೆಂದರು, ಒಣಗಿರುವವರೆಗೆ ಅದು ಪ್ರಾಕಾರವೇ, ಒಂದು ತುಂತುರು ಬಿದ್ದರೆ ಕೆಸರು. ಉಪ್ಪು ಎರಚಿರೆಂದರು, ಹುಳುವಿನೊಡನೆ ಮಣ್ಣೂ ಕೆಡುವುದೆಂದು ಮಾಲಿ ತಡೆದನು. ಇಂಗ್ಲೆಂಡಿನ ತೋಟಗಾರರು ಬಟ್ಟಲಿನಲ್ಲಿ ಬೀರು ತುಂಬಿ ನೆಲದಲ್ಲಿ ಹೂತಿಡುವರಂತೆ, ಅದರ ವಾಸನೆಗೆ ಬಂದ ಹುಳುಗಳು ಮುಳುಗಿ ಸಾಯುವುವಂತೆ. ಉಪಾಯವೇನೋ ರಮಣೀಯವಾದದ್ದೇ, ಆದರೆ ನಿವೃತ್ತ ಅಧ್ಯಾಪಕನೊಬ್ಬನು ಬೀದಿಯ ಕೊನೆಯ ಅಂಗಡಿಯಲ್ಲಿ ಬಾಟಲಿಯೊಡನೆ ನಿಂತು, ಎದುರಾದ ಹಳೆಯ ಶಿಷ್ಯನಿಗೆ “ಇದು ಬಸವನ ಹುಳುವಿಗಾಗಿ, ಕಣಯ್ಯಾ” ಎಂದು ಹೇಳಿ ನಂಬಿಸುವುದು ಯಾವ ತರ್ಕಶಾಸ್ತ್ರದಿಂದಲೂ ಸಾಧ್ಯವಿಲ್ಲ. ಕೆಂಬೂತವೊಂದು ಆಗಾಗ ಬಂದು ಹುಳುಗಳನ್ನು ಆರಿಸಿ ತಿನ್ನುವುದುಂಟು. ಅದಕ್ಕೆ ಸಂಬಳವಿಲ್ಲದ ಕಾರಣ ಹಾಜರಿಯೂ ನೆಚ್ಚುವಂತಿಲ್ಲ.

ಕಡೆಗೆ ಫಲಿಸಿದ್ದು ಒದ್ದೆ ಗೋಣಿಚೀಲ. ಸಂಜೆ ಗೋಣಿಯನ್ನು ನೆನೆಸಿ, ಪಪ್ಪಾಯಿಯ ಎಲೆಯನ್ನೂ ಕೋಸಿನ ಹೊರಸಿಪ್ಪೆಯನ್ನೂ ಅದರಡಿಯಲ್ಲಿಟ್ಟರೆ, ತಂಪನ್ನೂ ಊಟವನ್ನೂ ಬಯಸಿದ ಹುಳುಗಳೆಲ್ಲ ಅಲ್ಲಿ ಸಭೆ ಸೇರುತ್ತವೆ. ಸೇರದವನ್ನು ರಾತ್ರಿ ಟಾರ್ಚು ಹಿಡಿದು ಆರಿಸಬೇಕು. ಇಲಿಗಳಿಂದ ಬರುವ ಒಂದು ರೋಗದ ಕ್ರಿಮಿ ಇವುಗಳ ಮೈಯಲ್ಲಿರಬಹುದಾದ್ದರಿಂದ ಬರಿಗೈ ಕೂಡದು. ಕೈಗೆ ಹಾಲಿನ ಕವರು, ತಲೆಯ ಮೇಲೆ ಕೊಡೆ, ಕಂಕುಳಲ್ಲಿ ಡಬ್ಬ ಇಷ್ಟರ ಸಮೇತ ಬಸಳೆಯಡಿ ಕುಕ್ಕರಿಸಿದವನಿಗೆ ಅವಸರವೆಂಬುದು ಸಲ್ಲದು. ಎದ್ದು ಓಡಲಾರದ ಪ್ರಾಣಿಯನ್ನು ಹಿಡಿಯುವುದಕ್ಕೆ ಇಷ್ಟು ಹೊತ್ತು ಹಿಡಿಯುವುದೇಕೆಂದು ಹೆಂಡತಿ ಒಳಗಿನಿಂದ ಕೇಳುವಳು. ಅದು ಹೊರಬರುವ ಹೊತ್ತು ಅದರ ಕೈಯಲ್ಲಿದೆಯೇ ಹೊರತು ನನ್ನ ಕೈಯಲ್ಲಿಲ್ಲವೆಂಬುದನ್ನು ಅವಳಿಗೆ ವಿವರಿಸುವುದೆಂತು?

ಹಿಡಿದದ್ದನ್ನು ಮಾಡುವುದೇನು ಎಂಬುದು ಧರ್ಮಸೂಕ್ಷ್ಮ. ಎಂಬತ್ತು ದಾಟಿದ ನಮ್ಮ ದೊಡ್ಡಮ್ಮನವರು ನಡುಮನೆಯ ಕಿಟಕಿಯಿಂದ ಈ ಬೇಟೆಯನ್ನೆಲ್ಲ ನೋಡುತ್ತಿದ್ದವರು ಒಂದು ದಿನ ಕರೆದು ಕೇಳಿದರು:

“ಏನೋ ಇದು, ಈ ವಯಸ್ಸಲ್ಲಿ ಜೀವಹತ್ಯೆ ಕಟ್ಕೋತೀಯಾ? ಅದೇನು ನಿನ್ನ ಗಂಟು ತಿಂದಿತ್ತು?”

“ಬಸಳೆ ತಿಂತು, ದೊಡ್ಡಮ್ಮ.”

“ತಿಂದ್ರೆ ತಿನ್ನಲಿ. ನಿನಗೇನು ಬಸಳೆ ಸೇರುತ್ತಾ?”

ಸೇರುವುದಿಲ್ಲವೆಂಬುದು ಮನೆಗೆಲ್ಲ ತಿಳಿದ ವಿಷಯವಾದ್ದರಿಂದ ನಾನು ಸುಮ್ಮನಾದೆನು.

“ಹೋಗಲಿ, ಹಿಡಿದಿದ್ದನ್ನೆಲ್ಲ ಎಲ್ಲಿಗೆ ಕಳಿಸ್ತೀಯ?”

ಬಚ್ಚಲುಮನೆಯ ಹಿಂದೆ ಗಟ್ಟಿಯಾಗಿ ಉಪ್ಪು ಕದಡಿದ ನೀರಿನ ಬಕೆಟ್ಟಿರುವುದನ್ನು ನೇರವಾಗಿ ಹೇಳುವ ಧೈರ್ಯವಿಲ್ಲದೆ, “ಸಮುದ್ರಸ್ನಾನಕ್ಕೆ, ದೊಡ್ಡಮ್ಮ” ಎಂದೆನು.

ಅವರು ಎದ್ದು ಅಡಿಗೆಮನೆಗೆ ಹೋಗಿ, ಕಲ್ಲುಪ್ಪಿನ ಜಾಡಿಯನ್ನು ತಂದು ತಮ್ಮ ಮಂಚದ ಕೆಳಗೆ ತಳ್ಳಿಕೊಂಡು ಹೇಳಿದರು: “ಹುಣ್ಣಿಮೆ ಅಮಾವಾಸ್ಯೆ ಬಿಟ್ಟು ಬೇರೆ ದಿನ ಸಮುದ್ರ ಮುಟ್ಟಬಾರದು ಕಣೋ. ಇಷ್ಟು ಓದಿದೀಯ, ಪಂಚಾಂಗ ನೋಡೋಕೆ ಬರಲ್ವಾ?”

ಅಂದು ಶುದ್ಧ ಪಂಚಮಿ. ಹುಣ್ಣಿಮೆಗೆ ಇನ್ನೂ ಹತ್ತು ದಿನವಿತ್ತು.