ಬಿಎಡ್ ಸಾರ್ ಬಂದ್ರು

ನಮ್ಮ ಕಡೆ ಮೇಷ್ಟ್ರಾಗುವುದು ಯಾರೂ ಮೊದಲೇ ಯೋಚಿಸಿ ಹಿಡಿಯುವ ದಾರಿಯಲ್ಲ. ಡಿಗ್ರಿ ಮುಗಿದು, ಬ್ಯಾಂಕ್ ಪರೀಕ್ಷೆ, ಎಫ್‌ಡಿಎ, ಪಿಎಸ್‌ಐ ಎಂದು ಎಲ್ಲ ಬಾಗಿಲೂ ತಟ್ಟಿ ಬಂದ ಮೇಲೆ ಮನೆಯ ಹಿರಿಯರೊಬ್ಬರು "ಇರ್ಲಿ, ಒಂದು ಬಿಎಡ್ ಮಾಡಿಟ್ಕೋ" ಅನ್ನುತ್ತಾರೆ. ಹೆಣ್ಣುಮಕ್ಕಳಿಗಾದರೆ ಮದುವೆಗೆ ಮುಂಚೆಯೇ ಅನ್ನುತ್ತಾರೆ, ಅಷ್ಟೇ ವ್ಯತ್ಯಾಸ. ಹೀಗಿರುವಾಗ ಈಗಷ್ಟೇ ಪಿಯುಸಿ ಮುಗಿಸಿದ, ಮೀಸೆ ಕೂಡ ನೆಟ್ಟಗೆ ಮೂಡದ ಹುಡುಗನೊಬ್ಬ "ನಾನು ಹೈಸ್ಕೂಲ್ ಮೇಷ್ಟ್ರಾಗೋಕೆ ನಾಲ್ಕು ವರ್ಷ ಓದ್ತೀನಿ" ಅಂದರೆ ಕೇಳಿದವರಿಗೆ ಸಂಕಟವಾಗುತ್ತದೆ. ನಮ್ಮ ಮನೆಗೆ ಬಂದವರೆಲ್ಲ ತುಸು ದನಿ ತಗ್ಗಿಸಿ ಕೇಳಿದ್ದು ಒಂದೇ ಪ್ರಶ್ನೆ: "ಎಂಜಿನಿಯರಿಂಗ್ ಸೀಟು ಎಷ್ಟರಲ್ಲಿ ತಪ್ಪೋಯ್ತಪ್ಪಾ?" ತಪ್ಪಿರಲಿಲ್ಲ, ನಾನೇ ಬೇಡವೆಂದಿದ್ದೆ. ಅದನ್ನು ಹೇಳಿದರೆ ಅವರ ಕನಿಕರ ಇನ್ನೂ ಹೆಚ್ಚಾಗುತ್ತಿತ್ತು.

ನಾನು ಸೇರಿದ್ದು ಮೈಸೂರಿನಲ್ಲಿ, ಮಾನಸಗಂಗೋತ್ರಿಯ ಮಗ್ಗುಲಿನಲ್ಲಿರುವ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯಕ್ಕೆ. ಈಗ ಅದು ಪ್ರಾದೇಶಿಕ ಶಿಕ್ಷಣ ಸಂಸ್ಥೆ, ಜನರ ಬಾಯಲ್ಲಿ ಆರ್‌ಐಇ. ಎನ್‌ಸಿಇಆರ್‌ಟಿ 1961ರಲ್ಲಿ ಹುಟ್ಟಿತು. 1963ರಲ್ಲಿ ಅಜ್ಮೀರ್, ಭೋಪಾಲ್, ಭುವನೇಶ್ವರ, ಮೈಸೂರು ಎಂದು ದಿಕ್ಕಿಗೊಂದು ಕಾಲೇಜು ತೆರೆದರು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮೊದಲಿಯಾರ್ ಆಯೋಗವು ಪುಸ್ತಕದ ಪಾಠದ ಜೊತೆಗೆ ಕೃಷಿ, ವಾಣಿಜ್ಯ, ತಾಂತ್ರಿಕ ವಿದ್ಯೆ ಎಲ್ಲ ಕಲಿಸುವ ಬಹೂದ್ದೇಶ ಪ್ರೌಢಶಾಲೆಗಳು ಬೇಕು ಎಂದಿತ್ತು. ಅಂಥ ಶಾಲೆಗಳಿಗೆ ಮೇಷ್ಟ್ರುಗಳನ್ನು ತಯಾರು ಮಾಡಲು ಈ ಕಾಲೇಜುಗಳು ಬಂದವು. ಬಹೂದ್ದೇಶ ಶಾಲೆಗಳ ಭರಾಟೆ ನಿಂತುಹೋಯಿತು, ಕಾಲೇಜುಗಳು ಉಳಿದವು. ಕ್ಯಾಂಪಸ್ಸಿನೊಳಗಿನ ಶಾಲೆಯ ಹೆಸರಿನಲ್ಲಿ 'ಮಲ್ಟಿಪರ್ಪಸ್' ಎಂಬುದೊಂದು ಹಾಗೆಯೇ ಕೂತಿದೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಜನಗಣತಿ, ಚುನಾವಣೆ, ಬಿಸಿಯೂಟ, ಮೊಟ್ಟೆ ಲೆಕ್ಕ ಎಲ್ಲವನ್ನೂ ಮಾಡುವ ಮೇಷ್ಟ್ರುಗಳನ್ನು ನೋಡಿದರೆ ಬಹೂದ್ದೇಶ ಎಲ್ಲಿಗೂ ಹೋಗಿಲ್ಲ ಅನ್ನಿಸುತ್ತದೆ.

ನಾಲ್ಕು ವರ್ಷದ ಬಿಎಸ್ಸಿಎಡ್ ಅಂದರೆ ಬೆಳಿಗ್ಗೆ ಭೌತಶಾಸ್ತ್ರ, ಮಧ್ಯಾಹ್ನ ಮನಃಶಾಸ್ತ್ರ. ಥರ್ಮೋಡೈನಮಿಕ್ಸ್ ಪರೀಕ್ಷೆಯಲ್ಲಿ ನಾವೇ ಒದ್ದಾಡುತ್ತಿದ್ದಾಗ, ಹಿಂದುಳಿದ ಮಗುವನ್ನು ಹೇಗೆ ಪ್ರೋತ್ಸಾಹಿಸಬೇಕು ಎಂಬ ಪ್ರಶ್ನೆಗೆ ಹತ್ತು ಅಂಕದ ಉತ್ತರ ಬರೆಯುತ್ತಿದ್ದೆವು. ಅದರಲ್ಲಿ ಬರೆದದ್ದನ್ನು ನಮಗೂ ಯಾರಾದರೂ ಮಾಡಬಾರದೇ ಎನ್ನುವ ಆಸೆ ಇರುತ್ತಿತ್ತು.

ಸೂಕ್ಷ್ಮ ಬೋಧನೆಯ ದಿನಗಳನ್ನು ಮಾತ್ರ ಮರೆಯುವಂತಿಲ್ಲ. 1960ರ ದಶಕದಲ್ಲಿ ಅಮೆರಿಕದ ಸ್ಟಾನ್‌ಫರ್ಡ್‌ನಲ್ಲಿ ಹುಟ್ಟಿದ ಈ ಪದ್ಧತಿ ನಮ್ಮಲ್ಲಿಗೆ ಬಂದಾಗ ಅದಕ್ಕೊಂದು ಭಾರತೀಯ ಟೈಮ್‌ಟೇಬಲ್ ಸಿಕ್ಕಿತು: ಆರು ನಿಮಿಷ ಪಾಠ, ಆರು ನಿಮಿಷ ವಿಮರ್ಶೆ, ಹನ್ನೆರಡು ನಿಮಿಷ ತಿದ್ದಿ ಬರೆಯುವುದು, ಮತ್ತೆ ಆರು ನಿಮಿಷ ಪಾಠ, ಆರು ನಿಮಿಷ ವಿಮರ್ಶೆ. ಒಟ್ಟು 36 ನಿಮಿಷ. ಮಕ್ಕಳ ಜಾಗದಲ್ಲಿ ಕೂರುವವರು ಸಹಪಾಠಿಗಳು. ತ್ರಿಶೂರಿನ ಗಡ್ಡಧಾರಿ, ಗುಂಟೂರಿನ ಕಬಡ್ಡಿ ಆಟಗಾರ, ಲಕ್ಷದ್ವೀಪದಿಂದ ಹಡಗಿನಲ್ಲಿ ಬಂದವನು, ಎಲ್ಲರೂ ಎಂಟನೇ ಕ್ಲಾಸಿನ ಮಕ್ಕಳಾಗಿ ಮುಗ್ಧ ಮುಖ ಮಾಡಿಕೊಳ್ಳಬೇಕು. ಒಂದು ದಿನಕ್ಕೆ ಒಂದೇ ಕೌಶಲ. ಪುನರ್ಬಲನದ ದಿನ ಹಿಂದೆ ಕೂತವನು ನಾವು ಎಷ್ಟು ಸಲ 'ಗುಡ್', 'ವೆರಿ ಗುಡ್' ಅಂದೆವು ಎಂದು ಗೀಟು ಹಾಕುತ್ತಾನೆ. ಗೀಟು ಕಡಿಮೆಯಾದರೆ ಕೌಶಲ ಕಡಿಮೆ. ಹಾಗಾಗಿ ಆ ಆರು ನಿಮಿಷದಲ್ಲಿ ಯಾರು ಬಾಯಿ ತೆರೆದರೂ ವೆರಿ ಗುಡ್. ಕೆಮ್ಮಿದವನಿಗೂ ಒಮ್ಮೆ ಸಿಕ್ಕಿತ್ತು. ರಾತ್ರಿ ಮೆಸ್ಸಿನಲ್ಲಿ ನೀರು ಸಾರು ಬಡಿಸಿದಾಗಲೂ ನಮ್ಮ ಮೇಜಿನಿಂದ ಅದೇ ಉದ್ಗಾರ ಏಳುತ್ತಿತ್ತು. ಅಡುಗೆಯವರು ಅದನ್ನು ನಂಬಿಬಿಟ್ಟರು.

ಇದೆಲ್ಲ ಮುಗಿದ ಮೇಲೆ ನಿಜವಾದ ಮಕ್ಕಳು. ಪಾಠಯೋಜನೆಯ ಪುಸ್ತಕವನ್ನು ಕಂಕುಳಲ್ಲಿಟ್ಟು, ಇಸ್ತ್ರಿ ಅಂಗಿ ತೊಟ್ಟು ಒಂದು ಹೈಸ್ಕೂಲಿಗೆ ಹೋದೆವು. ಆ ಪುಸ್ತಕದ ಮೂಲಪುರುಷ ಜರ್ಮನಿಯ ಹರ್ಬಾರ್ಟ್. ಕೋನಿಗ್ಸ್‌ಬರ್ಗ್‌ನಲ್ಲಿ ಕಾಂಟ್ ಕೂತಿದ್ದ ಪೀಠದಲ್ಲಿ ಆಮೇಲೆ ಕೂತ ಮನುಷ್ಯ. ಪಾಠಕ್ಕೆ ಅವನು ಹೇಳಿದ ನಾಲ್ಕು ಹಂತಗಳನ್ನು ಶಿಷ್ಯರು ಐದು ಮಾಡಿದರು, ನಮ್ಮ ದೇಶದ ತರಬೇತಿ ಕಾಲೇಜುಗಳು ಅವಕ್ಕೆ ಕಾಲಮ್ಮು ಗೆರೆ ಹಾಕಿದವು. ಶಿಕ್ಷಕರ ಚಟುವಟಿಕೆ ಒಂದು ಕಾಲಮ್ಮು, ವಿದ್ಯಾರ್ಥಿಗಳ ಚಟುವಟಿಕೆ ಇನ್ನೊಂದು. ನಾಳೆ ಬೆಳಿಗ್ಗೆ ಮಕ್ಕಳು ಏನು ಹೇಳುತ್ತಾರೆ ಎಂಬುದನ್ನು ಇಂದು ರಾತ್ರಿಯೇ ಬರೆದಿಡುವ ವಿದ್ಯೆ ಜ್ಯೋತಿಷಿಗಳನ್ನು ಬಿಟ್ಟರೆ ಬಿಎಡ್ ವಿದ್ಯಾರ್ಥಿಗಳಿಗೇ ಗೊತ್ತು.

ಇದರಲ್ಲಿ ಪೀಠಿಕೆ ಬಲು ನಾಜೂಕಿನ ಭಾಗ. ಗೊತ್ತಿರುವ ಪ್ರಶ್ನೆಗಳನ್ನು ಕೇಳುತ್ತ ಹೋಗಿ, ಕೊನೆಗೆ ಮಕ್ಕಳಿಗೆ ಉತ್ತರ ಗೊತ್ತಿರದ ಒಂದು ಪ್ರಶ್ನೆ ಕೇಳಬೇಕು. ಇಡೀ ತರಗತಿ ಸುಮ್ಮನಾಗಬೇಕು. ಆಗ ನಾವು "ಹಾಗಾದರೆ ಇಂದು ಇದನ್ನೇ ತಿಳಿಯೋಣ" ಎಂದು ಹಲಗೆಯ ಮೇಲೆ ಶೀರ್ಷಿಕೆ ಬರೆಯಬೇಕು. ಗೆಳೆಯನೊಬ್ಬ ಗಾಜಿನ ಲೋಟದ ನೀರಿನಲ್ಲಿ ಪೆನ್ಸಿಲ್ ಇಟ್ಟು "ಇದು ಯಾಕೆ ಬಾಗಿದ ಹಾಗೆ ಕಾಣುತ್ತೆ?" ಅಂದ. ಮೊದಲ ಬೆಂಚಿನ ಹುಡುಗಿ ಎದ್ದು ನಿಂತು "ವಕ್ರೀಭವನ ಸಾರ್. ಹೋದ ವರ್ಷದ ಬಿಎಡ್ ಸಾರ್ ಕೂಡ ಲೋಟ ತಂದಿದ್ರು" ಎಂದಳು. ಅವನ ಪುಸ್ತಕದಲ್ಲಿ ಆ ಜಾಗದಲ್ಲಿ 'ವಿದ್ಯಾರ್ಥಿಗಳು ಮೌನವಾಗಿರುತ್ತಾರೆ' ಎಂದು ಬರೆದಿತ್ತು. ಅವನು ನಗುತ್ತ ಇಡೀ ಲೋಟ ನೀರು ಕುಡಿದು, ಮುಂದಿನ ಹಂತಕ್ಕೆ ಹೋದ.

ವರ್ಷವರ್ಷವೂ ತರಬೇತಿಯವರನ್ನು ಕಂಡ ಮಕ್ಕಳ ಅನುಭವ ಸಾಮಾನ್ಯದ್ದಲ್ಲ. ಯಾರು ಹೊಡೆಯುವುದಿಲ್ಲ, ಯಾರು ಹಾಡು ಹೇಳಿಕೊಡುತ್ತಾರೆ, ಹಿಂದಿನ ಬೆಂಚಿನಲ್ಲಿ ವೀಕ್ಷಕರು ಕೂತ ದಿನ ಎಷ್ಟು ಕೈ ಎತ್ತಬೇಕು, ಎಲ್ಲ ಅವರಿಗೆ ತಿಳಿದಿತ್ತು. ವೀಕ್ಷಕರಿದ್ದ ದಿನ ಮಹಾ ಪೋಕರಿಗಳೂ ಶಿಸ್ತಾಗಿ ಕೂತು ನಮ್ಮ ಮಾನ ಕಾಯುತ್ತಿದ್ದರು. ಸಂಜೆ ಅದರ ಬಾಕಿಯನ್ನು ಕಡ್ಲೆಮಿಠಾಯಿಯಲ್ಲಿ ವಸೂಲು ಮಾಡುತ್ತಿದ್ದರು. "ಸಾರ್, ಮೌಲ್ಯಮಾಪನ ಬಿಟ್ಟುಬಿಟ್ರಿ, ಬೆಲ್ ಹೊಡೆಯೋಕೆ ಮೂರೇ ನಿಮಿಷ ಇದೆ" ಎಂದು ಸನ್ನೆ ಮಾಡಿದ ಒಂಬತ್ತನೇ ಕ್ಲಾಸಿನ ಹುಡುಗನಿಂದ ನಾನು ಕಲಿತಷ್ಟು ಸಮಯಪಾಲನೆಯನ್ನು ಯಾವ ಪತ್ರಿಕೆಯೂ ಕಲಿಸಲಿಲ್ಲ. ಇಂಟರ್ನ್‌ಶಿಪ್ ಮುಗಿಯುವ ಹೊತ್ತಿಗೆ ಅವನೇ ಕೇಳಿದ: "ನೀವು ನಿಜವಾದ ಸಾರ್ ಆಗೋದು ಯಾವಾಗ?"

ನಿಜವಾದ ಸಾರ್‌ಗಳು ಸ್ಟಾಫ್ ರೂಮಿನಲ್ಲಿದ್ದರು. ನಾವು ಬಂದದ್ದರಿಂದ ಅವರಿಗೆ ಲೀಷರ್ ಸಿಕ್ಕಿತ್ತು, ನಮಗೆ ಯಾರು ರಜೆ ಹಾಕಿದರೂ ಅವರ ಪೀರಿಯಡ್ಡು ಸಿಕ್ಕಿತ್ತು. ನಮ್ಮ ಮೈಸೂರಿನವರೇ ಆದ ಆರ್.ಕೆ. ನಾರಾಯಣ್ ಕೂಡ ಕೆಲ ಕಾಲ ಶಾಲಾ ಮೇಷ್ಟ್ರಾಗಿದ್ದರು. ಡ್ರಿಲ್ ಮೇಷ್ಟ್ರ ಬದಲಿಗೆ ಹೋಗಿ ಎಂದು ಹೆಡ್‌ಮಾಸ್ಟರು ಹೇಳಿದ್ದಕ್ಕೆ ಪ್ರತಿಭಟಿಸಿ ಕೆಲಸ ಬಿಟ್ಟು ಬಂದರಂತೆ. ಸಾಹಿತ್ಯಕ್ಕೆ ಲಾಭವಾಯಿತು. ನಾವು ಪಿಟಿ ಪೀರಿಯಡ್ಡಿಗೂ ಪೀಠಿಕೆ ಬರೆದುಕೊಂಡು ಹೋದವರು, ಹಾಗಾಗಿ ಮೇಷ್ಟ್ರಾಗಿಯೇ ಉಳಿದೆವು.

ಈ ತರಬೇತಿಯಿಂದ ಒಂದು ನಷ್ಟವಂತೂ ಇದೆ. ಹದಿನೆಂಟರಲ್ಲೇ ಪಾಠದ ಒಳಗಿನ ಹೊಲಿಗೆ ನೋಡಿದವನು ಮುಂದೆಂದೂ ನೆಮ್ಮದಿಯಾಗಿ ಕೇಳುಗನಾಗಲಾರ. ರಾಜ್ಯೋತ್ಸವದ ಭಾಷಣ ಕೇಳುವಾಗ ಪ್ರಚೋದನೆಯಲ್ಲಿ ವೈವಿಧ್ಯ ಸಾಲದು ಅನ್ನಿಸುತ್ತದೆ. ಹರಿಕಥೆಯವರು ಪೀಠಿಕೆಯನ್ನು ಎಷ್ಟು ಚೆನ್ನಾಗಿ ಹಾಕುತ್ತಾರೆಂದು ಹೊಟ್ಟೆಕಿಚ್ಚಾಗುತ್ತದೆ. ನನ್ನ ಹೆಂಡತಿ ಬೈಯುವಾಗಲೂ ಹಂತಗಳು ಸರಿಯಾಗಿ ಬರುತ್ತವೆ. ಅನ್ವಯದ ಹಂತವನ್ನು ಆಕೆ ಎಂದೂ ಬಿಟ್ಟಿಲ್ಲ.

ಮೊನ್ನೆ ಅಣ್ಣನ ಮಗಳು ಫೋನ್ ಮಾಡಿದ್ದಳು. ಎರಡನೇ ಪಿಯುಸಿ, ಟೀಚರ್ ಆಗುವ ಆಸೆ. ಬಿಎಡ್ 2015ರಿಂದ ಎರಡು ವರ್ಷವಾಗಿದೆ, ಡಿಗ್ರಿಯ ಮೂರು ಸೇರಿದರೆ ಐದು. ಅದರ ಬದಲು ನಾಲ್ಕು ವರ್ಷದ್ದೇ ವಾಸಿಯಲ್ಲವಾ ಚಿಕ್ಕಪ್ಪ ಎಂದು ಲೆಕ್ಕ ಹಾಕಿದಳು. ಹೊಸ ಶಿಕ್ಷಣ ನೀತಿಯ ಪ್ರಕಾರ 2023-24ರಿಂದ ಆಯ್ದ ಸಂಸ್ಥೆಗಳಲ್ಲಿ ಐಟೆಪ್ ಎಂಬ ನಾಲ್ಕು ವರ್ಷದ ಕೋರ್ಸು ಶುರುವಾಗಿದೆ ಎಂದು ಹೇಳಿದೆ. ಫೋನು ಸ್ಪೀಕರಿನಲ್ಲಿತ್ತೆಂದು ಕಾಣುತ್ತದೆ, ಹಿಂದಿನಿಂದ ಅಣ್ಣನ ನಿಟ್ಟುಸಿರು ಕೇಳಿಸಿತು. ಅದಕ್ಕೆ ದೇಶಕ್ಕೆಲ್ಲ ಒಂದೇ ಪ್ರವೇಶ ಪರೀಕ್ಷೆ, ನೀಟ್ ನಡೆಸುವ ಎನ್‌ಟಿಎಯವರೇ ಅದನ್ನೂ ನಡೆಸುತ್ತಾರೆ ಎಂದೆ. ಆಗ ಅಣ್ಣ ಫೋನು ಕಸಿದುಕೊಂಡ.

"ಹೌದೇನೋ? ಮತ್ತೆ ಮೊದಲೇ ಹೇಳ್ಬಾರ್ದಾ! ಅದಕ್ಕೆ ಕೋಚಿಂಗ್ ಎಲ್ಲಿ ಚೆನ್ನಾಗಿ ಕೊಡ್ತಾರೆ?"